ಬ್ರೇಕಕ್ಕನ ಕಿವಿಗಳು

ಕಾರು ಕಲಿಸುವ ಆ ಶಾಲೆಯಲ್ಲಿ ಅವಳನ್ನು ಎಲ್ಲರೂ ಬ್ರೇಕಕ್ಕ ಎಂದೇ ಕರೆಯುತ್ತಿದ್ದರು. ಕಲಿಯುವವರು ಸ್ಟೇರಿಂಗ್ ಹಿಡಿದು ಕೂತರೆ, ಅವಳು ಪಕ್ಕದ ಸೀಟಿನಲ್ಲಿ, ಕಾಲ ಬುಡದಲ್ಲಿ ತನಗೆಂದೇ ಜೋಡಿಸಿದ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇಟ್ಟುಕೊಂಡು ಕೂರುತ್ತಿದ್ದಳು. ಮೊದಲ ದಿನ ಬೆವರುತ್ತ ಬಂದು ಕೂತವರಿಗೆ ಅವಳು ಹೇಳುತ್ತಿದ್ದ ಮಾತು ಒಂದೇ. "ಬ್ರೇಕ್ ತುಳಿಯೋಕೆ ನಾನಿದ್ದೀನಿ. ಭಯ ತುಳಿಯೋಕೆ ಮಾತ್ರ ನೀವೇ ಬೇಕು."

ಆ ಕೆಲಸವನ್ನು ಅವಳು ಅರ್ಧ ಕಣ್ಣಿನಲ್ಲಿ, ಅರ್ಧ ಕಿವಿಯಲ್ಲಿ ಮಾಡುತ್ತಿದ್ದಳು. ಕಣ್ಣು ರಸ್ತೆಯ ಮೇಲಿದ್ದರೆ ಎಡಗಿವಿ ಕಿಟಕಿಯಾಚೆಯ ಹಾರ್ನುಗಳನ್ನು ಆರಿಸುತ್ತಿತ್ತು, ಬಲಗಿವಿ ಕಲಿಯುವವರ ಉಸಿರನ್ನು ಕಾಯುತ್ತಿತ್ತು. ಉಸಿರು ಬಿಗಿಹಿಡಿದರು ಎಂದರೆ ಮುಂದಿನ ಗಳಿಗೆಯಲ್ಲಿ ಏನೋ ಎಡವಟ್ಟು ಕಾದಿದೆ ಎಂದೇ ಅರ್ಥ. ಅವಳ ಪಾದ ಆಗಲೇ ಪೆಡಲಿನ ಮೇಲೆ ಹೋಗಿ ಕೂತಿರುತ್ತಿತ್ತು. ಇಷ್ಟು ವರ್ಷಗಳಲ್ಲಿ ಅವಳ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೀರುಗಳು ಬೇಕಾದಷ್ಟಿದ್ದವು. ಆದರೆ ಯಾರ ಮೈಮೇಲೂ ಒಂದು ಗಾಯವೂ ಆಗಿರಲಿಲ್ಲ.

ಮನೆಯಲ್ಲಿದ್ದವರು ಮೂವರೇ. ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ಗಂಡ ಮುದ್ರಣಾಲಯದಲ್ಲಿ ಯಂತ್ರ ನೋಡಿಕೊಳ್ಳುವವನು. ದಿನವಿಡೀ ಯಂತ್ರಗಳ ಗದ್ದಲದಲ್ಲಿ ನಿಂತು ನಿಂತು, ಮನೆಗೆ ಬಂದ ಮೇಲೂ ನೀರು ಕೇಳುವುದಕ್ಕೂ ಊರಿಗೇ ಕೇಳುವ ಹಾಗೆ ಕೂಗುತ್ತಿದ್ದ. ಅವನ ತಾಯಿ ಇದಕ್ಕೆ ತದ್ವಿರುದ್ಧ. ಬಾಯಲ್ಲಿ ಹಲ್ಲಿಲ್ಲ, ಮಾತಿಗೆ ಬರವಿಲ್ಲ. ಆದರೆ ಎಲ್ಲವೂ ಗೊಣಗಾಟದ ಮಟ್ಟದಲ್ಲೇ. ಅತ್ತೆ ಗೊಣಗಬೇಕು, ಸೊಸೆ ಅಡುಗೆಮನೆಯಿಂದಲೇ ಅದಕ್ಕೆ ತಕ್ಕ ಉತ್ತರ ಕೊಡಬೇಕು, ಅತ್ತೆ ಒಳಗೊಳಗೇ ಖುಷಿಪಡಬೇಕು. ಆ ಮನೆಯ ಪ್ರೀತಿ ನಡೆಯುತ್ತಿದ್ದುದೇ ಹಾಗೆ.

ಶುರುವಾದದ್ದು ಒಂದು ನೆಗಡಿಯಿಂದ. ನೆಗಡಿ ಬಂದದ್ದು ಹೋಗಲಿಲ್ಲ. ಮೂಗಿನೊಳಗೆ ಹೆಪ್ಪುಗಟ್ಟಿ, ಸೀನಿದರೆ ಕರವಸ್ತ್ರದಲ್ಲಿ ರಕ್ತದ ಚೂರುಗಳು. ಕಣ್ಣು ಕೆಂಪಗೆ. ಬೆಳಿಗ್ಗೆ ಎದ್ದರೆ ಮಣಿಕಟ್ಟು, ಮೊಣಕಾಲು ಬೇರೆ ಯಾರದೋ ಎನ್ನುವಂತೆ ಬಿಗಿದಿರುತ್ತಿದ್ದವು. ಎಡಗಿವಿಯಲ್ಲಿ ನೀರು ತುಂಬಿಕೊಂಡ ಭಾವ. ಬೀದಿಯ ತಿರುವಿನಲ್ಲಿದ್ದ ದವಾಖಾನೆಯ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, "ಕಿವಿ ತಮಟೆಯ ಹಿಂದೆ ನೀರು ಕೂತಿದೆ. ಶೀತ. ಇಳಿಯುತ್ತೆ" ಎಂದು ಮಾತ್ರೆ, ಹನಿ ಕೊಟ್ಟರು. ಮಾತ್ರೆ ಮುಗಿದವು, ಹನಿ ಮುಗಿಯಿತು, ನೀರು ಮಾತ್ರ ಇಳಿಯಲಿಲ್ಲ. ಮತ್ತೆ ಹೋದಳು. ಬೇರೆ ಮಾತ್ರೆ, ಬೇರೆ ಹನಿ.

ಮಗಳು ಫೋನು ಮಾಡಿದಾಗಲೆಲ್ಲ ಅವಳು ಫೋನಿಗೇ ಬೈಯುತ್ತಿದ್ದಳು. "ಇದೇನು ದರಿದ್ರ ಲೈನು, ನೀನು ಬಾವಿಯೊಳಗೆ ಕೂತು ಮಾತಾಡ್ತಿದ್ದೀಯಾ?" ತಾನು ಯಾವಾಗಿನಿಂದ ಫೋನನ್ನು ಎಡಗಿವಿಯಿಂದ ಬಲಗಿವಿಗೆ ಬದಲಾಯಿಸಿದೆ ಎಂಬುದು ಅವಳಿಗೇ ತಿಳಿದಿರಲಿಲ್ಲ. ಗಂಡನಿಗೂ ಅನುಮಾನ ಬರಲಿಲ್ಲ. ಅವನ ಕೂಗು ಗೋಡೆಗೂ ಕೇಳುವಂಥದ್ದು, ಹೆಂಡತಿಗೆ ಕೇಳಿಸದೇ ಇರುತ್ತದೆಯೇ?

ಪತ್ತೆ ಹಚ್ಚಿದವಳು ಅತ್ತೆ. ಒಂದು ಸಂಜೆ ಸೊಸೆ ಬಟ್ಟೆ ಮಡಚುತ್ತಿದ್ದಾಗ ಮುದುಕಿ ಹಿಂದೆ ಬಂದು ನಿಂತು ಏನೋ ಗೊಣಗಿದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೇನೋ ಗೊಣಗಿದಳು. ಆಮೇಲೆ ಎದುರಿಗೇ ಬಂದು ಕುಕ್ಕರಿಸಿ ಕೂತು ಸೊಸೆಯ ಗದ್ದ ಹಿಡಿದೆತ್ತಿದಳು.

"ಏನತ್ತೆ?"

"ನಿನಗೆ ಕಿವಿ ಕೇಳ್ತಿಲ್ಲ."

"ಯಾರು ಹೇಳಿದ್ದು?"

"ಈಗ ತಾನೇ ನಿನ್ನ ತೌರಿನವರನ್ನೆಲ್ಲ ಸೇರಿಸಿ ಬೈದೆ. ಎರಡು ಸಲ ಬೈದೆ. ನೀನು ತಿರುಗಿ ಬೈಲಿಲ್ಲ." ಮುದುಕಿ ಹಿಡಿದ ಗದ್ದ ಬಿಡಲಿಲ್ಲ. "ನನ್ನ ಸೊಸೆ ಹಾಗೆ ಸುಮ್ಮನಿರೋಳಲ್ಲ."

ಅವಳು ನಕ್ಕುಬಿಟ್ಟಳು. ಆದರೆ ಆ ನಗು ಅವಳಿಗೇ ದೂರದ ಕೋಣೆಯಿಂದ ಬಂದಂತೆ ಕೇಳಿಸಿತು.

ಮಾರನೆಯ ಬೆಳಿಗ್ಗೆ ಅವಳ ಕಾರಿನಲ್ಲಿ ಕೂತವರು ಗಣಿತದ ಮೇಷ್ಟ್ರು. ನಿವೃತ್ತಿಯಾದ ಮೇಲೆ ಕಾರು ಕಲಿಯುವ ಹುಚ್ಚು ಹತ್ತಿದ ಮನುಷ್ಯ. ಅಂಜುಬುರುಕ. ಅವರಾಗಿ ಅವರು ಒಮ್ಮೆಯೂ ಸರಿಯಾದ ಹೊತ್ತಿಗೆ ಬ್ರೇಕು ತುಳಿದವರಲ್ಲ. ಎಲ್ಲ ಸಲವೂ ಅವಳ ಪಾದವೇ ಮೊದಲು. ದೊಡ್ಡ ನಾಲ್ಕುದಾರಿಯಲ್ಲಿ ದೀಪ ಹಸಿರಾಯಿತು. ಮೇಷ್ಟ್ರು ಹೊರಡಲಿಲ್ಲ.

"ಹೊರಡಿ ಮೇಷ್ಟ್ರೇ, ನಮ್ಮ ದೀಪ."

ಮೇಷ್ಟ್ರು ತುಟಿ ಅಲುಗಾಡಿಸಿದರು. ಹೆದರಿದಾಗ ಗುಣಾಕಾರ ಹೇಳಿಕೊಳ್ಳುವ ಅಭ್ಯಾಸ ಅವರಿಗಿತ್ತು, ಅದನ್ನೇ ಹೇಳಿಕೊಳ್ಳುತ್ತಿದ್ದಾರೆ ಎಂದುಕೊಂಡಳು. "ಹೊರಡಿ, ಹೊರಡಿ. ಹಿಂದೆ ಗಾಡಿಗಳು ಕಾಯ್ತಿವೆ." ಕಾರು ಮುಂದಕ್ಕೆ ಜಾರಿತು. ನಡುರಸ್ತೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಎರಡೂ ಕೈಯಲ್ಲಿ ಸ್ಟೇರಿಂಗ್ ತಬ್ಬಿಕೊಂಡು ಇಡೀ ಮೈಭಾರ ಹಾಕಿ ಬ್ರೇಕು ತುಳಿದರು. ಅವಳ ಹಣೆ ಮುಂದಕ್ಕೆ ಬಂದು ಬೆಲ್ಟು ಎದೆಗೆ ಕಚ್ಚಿತು. ಕಾರಿನ ಮೂತಿಯ ಮುಂದೆ, ಕೂದಲೆಳೆಯಷ್ಟು ದೂರದಲ್ಲಿ, ಎಡದಿಂದ ಬಂದ ಆಂಬುಲೆನ್ಸ್ ಬಿಳಿಯ ಗೋಡೆಯಂತೆ ಹಾದುಹೋಯಿತು. ಮೇಲೆ ದೀಪ ಗಿರಗಿರನೆ ತಿರುಗುತ್ತಿತ್ತು. ಅದರ ಕೂಗು ಅವಳಿಗೆ ಕೇಳಿಸಿದ್ದು ಅದು ದಾಟಿ ಹೋದ ಮೇಲೆ, ಅದೂ ಸೊಳ್ಳೆಯ ರಾಗದಷ್ಟು.

ಮೇಷ್ಟ್ರು ಅವಳತ್ತ ತಿರುಗಿದರು. ಮುಖ ಸುಣ್ಣದಂತಾಗಿತ್ತು. "ಸೈರನ್ ಅಂತ ಹೇಳ್ತಾನೇ ಇದ್ದೆನಲ್ಲ ಅಕ್ಕಾ! ಮೂರು ಸಲ ಹೇಳಿದೆ!"

ಬಲಗಿವಿಗೆ ಅಂಟಿಕೊಂಡಂತೆ ಕೂತವರು ಮೂರು ಸಲ ಹೇಳಿದ ಮಾತು. ಎಡಗಿವಿ ಹೋಗಿದೆ ಎಂಬುದು ಹಿಂದಿನ ಸಂಜೆಯಿಂದ ಅರೆಮನಸ್ಸಿನಲ್ಲಿ ಗೊತ್ತಿತ್ತು. ಬಲಗಿವಿಯೂ ಅದರ ಹಿಂದೆಯೇ ಹೊರಟಿದೆ ಎಂದು ಈಗ ತಿಳಿಯಿತು. ಅವಳು ಕಾರನ್ನು ಬದಿಗೆ ಹಾಕಿಸಿ, ಶಾಲೆಯ ಮಾಲೀಕನಿಗೆ ಫೋನು ಮಾಡಿ ಬೇರೆ ಶಿಕ್ಷಕನನ್ನು ಕಳಿಸಲು ಹೇಳಿದಳು. ಅವನು ಬರುವವರೆಗೆ ಪಾದಚಾರಿ ಕಟ್ಟೆಯ ಮೇಲೆ ಮೇಷ್ಟ್ರ ಪಕ್ಕದಲ್ಲಿ ಕೂತಿದ್ದಳು. "ನೀವು ಇವತ್ತು ಬ್ರೇಕ್ ತುಳಿಯೋದು ಕಲಿತ್ರಿ ಮೇಷ್ಟ್ರೇ" ಎಂದಳು. ಅವರಿಗೆ ನಗು ಬರಲಿಲ್ಲ, ಅವಳಿಗೂ ಬರಲಿಲ್ಲ.

ಅವತ್ತೇ ಗಂಡ ಹೆಂಡತಿ ದೊಡ್ಡಾಸ್ಪತ್ರೆಗೆ ಹೋದರು. ಕಿವಿ ಪರೀಕ್ಷೆಯ ಕೋಣೆ ಬಚ್ಚಲಿನಷ್ಟು ಚಿಕ್ಕದು, ಗೋಡೆಗೆಲ್ಲ ಸ್ಪಂಜು. ತಲೆಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಬೇಕೆಂದರು. ಗಾಜಿನಾಚೆ ಕೂತ ತರುಣಿ ಏನೋ ತಿರುಗಿಸುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ಇನ್ನೂ ಶುರುಮಾಡಿಲ್ಲವೇನೋ ಎಂದು ಅವಳು ಕಾದಳು. ತರುಣಿ ಮತ್ತೆ ತಿರುಗಿಸಿದಳು, ಮತ್ತೆ ಬರೆದಳು. ಅವಳ ಹುಬ್ಬು ಸ್ವಲ್ಪ ಸ್ವಲ್ಪವೇ ಗಂಟಾಗುವುದನ್ನು ನೋಡಿದಾಗ ಬ್ರೇಕಕ್ಕನಿಗೆ ತಿಳಿಯಿತು. ಪರೀಕ್ಷೆ ಆಗಲೇ ಅರ್ಧ ಮುಗಿದಿದೆ. ಸದ್ದುಗಳು ಬಂದು ಬಂದು ಹೋಗಿವೆ. ಗುಂಡಿಯ ಮೇಲಿನ ಅವಳ ಹೆಬ್ಬೆರಳು ಬೆವರುತ್ತಿತ್ತು, ಒತ್ತಲು ಏನೂ ಇರಲಿಲ್ಲ.

ಕಿವಿ ಡಾಕ್ಟರಮ್ಮ ಕಡ್ಡಿಯಂಥ ಹೆಂಗಸು. ಮುಖಕ್ಕೆ ಮುಖ ಕೊಟ್ಟು ಹತ್ತಿರ ಕೂತು, ನಿಧಾನವಾಗಿ ಮಾತಾಡಿದರು. ನೀರಷ್ಟೇ ಆಗಿದ್ದರೆ ಇಷ್ಟು ಕೆಡುತ್ತಿರಲಿಲ್ಲ, ಒಳಗಿನ ನರಕ್ಕೂ ಏಟು ಬಿದ್ದಿದೆ ಎಂದರು. ಮೂಗಿನೊಳಗೆ ನಳಿಕೆ ಬಿಟ್ಟು ನೋಡಿದರು. ಕಣ್ಣಿನ ಕೆಂಪು ನೋಡಿದರು. ಆಮೇಲೆ, ಕಿವಿಗೆ ಸಂಬಂಧವೇ ಇಲ್ಲದ ಹಾಗೆ, ಸೀರೆ ಸ್ವಲ್ಪ ಎತ್ತಿ ಕಣಕಾಲು ತೋರಿಸಲು ಹೇಳಿದರು. ಅಲ್ಲಿ ನೇರಳೆ ಬಣ್ಣದ ಚುಕ್ಕೆಗಳು. ಹೊಸ ಚಪ್ಪಲಿ ಉಜ್ಜಿದ್ದೆಂದು ಅವಳು ಲಕ್ಷ್ಯವೇ ಮಾಡಿರಲಿಲ್ಲ. ಮೂತ್ರ ಪರೀಕ್ಷೆಗೆ ಬರೆದರು. ಬರಿಗಣ್ಣಿಗೆ ಕಾಣದ ರಕ್ತ ಅದರಲ್ಲಿತ್ತು.

"ನಿಮ್ಮ ರಕ್ತನಾಳಗಳಿಗೆ ಉರಿಯೂತ ಆಗಿರಬಹುದು ಅನ್ನೋದು ನನ್ನ ಅನುಮಾನ" ಎಂದರು ಡಾಕ್ಟರಮ್ಮ. "ರೋಗದ ಜೊತೆ ಹೊಡೆದಾಡಬೇಕಾದ ಶಕ್ತಿ, ದಾರಿ ತಪ್ಪಿ ನಿಮ್ಮ ನಾಳಗಳ ಮೇಲೇ ಬಿದ್ದಿದೆ. ಮೂಗು, ಕಿವಿ, ಕಣ್ಣು, ಮೂತ್ರಪಿಂಡ, ಎಲ್ಲ ಕಡೆ ಸಣ್ಣ ನಾಳಗಳಿವೆಯಲ್ಲ, ಅಲ್ಲೆಲ್ಲ."

"ಅಂದ್ರೆ ಬೇಲಿನೇ ಎದ್ದು ಹೊಲ ಮೇಯ್ತಾ ಇದೆ ಅನ್ನಿ!" ಎಂದು ಗಂಡ ಕೂಗಿದ. ಹೊರಗಿನ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ವಾರ್ಡಿಗೆ ಸೇರಿಸಿಕೊಂಡರು. ಮೂಗಿನಿಂದ ಚೂರು ಮಾಂಸ ಕತ್ತರಿಸಿ ಪರೀಕ್ಷೆಗೆ ಕಳಿಸಿದರು, ರಕ್ತವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. ಆಮೇಲೆ ಕಾಯುವ ಕೆಲಸ. ಕಾಯುವ ಕಾಲದಲ್ಲಿ ಬಲಗಿವಿ ಕಾಯಲಿಲ್ಲ. ದಿನ ಕಳೆದಂತೆ ಲೋಕದ ಸದ್ದುಗಳು ಒಂದೊಂದೇ ಜಾಗ ಖಾಲಿ ಮಾಡತೊಡಗಿದವು. ಮೊದಲು ಫ್ಯಾನಿನ ಗಾಳಿ, ಆಮೇಲೆ ನರ್ಸಮ್ಮನ ಚಪ್ಪಲಿ, ಆಮೇಲೆ ಪಕ್ಕದ ಹಾಸಿಗೆಯವಳ ಕೆಮ್ಮು. ಖಾಲಿಯಾದ ಜಾಗದಲ್ಲಿ ಒಂದು ಗುಂಯ್ ಎನ್ನುವ ಶಬ್ದ ಬಂದು ಕೂತಿತು, ಅದೊಂದು ಹಗಲಿರುಳು ನಿಲ್ಲದು. ತಲೆ ತಿರುಗಿಸಿದರೆ ಕೋಣೆಯೇ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಬಂದ ಅತ್ತೆ ಬಾಗಿಲಲ್ಲೇ ನಿಂತುಬಿಟ್ಟಳು. ಮುದುಕಿಯ ಬಾಯಿ ಆಡಿದ್ದು ಕಂಡಿತು, ಮಾತು ತಲುಪಲಿಲ್ಲ. ಗಂಡ ಓಡಿಬಂದು ಹೆಂಡತಿಯ ಮುಖ ನೋಡಿದ. ಅವಳ ಎಡಗಣ್ಣು ಮುಚ್ಚುತ್ತಿರಲಿಲ್ಲ. ಬಾಯಿ ಬಲಕ್ಕೆ ಎಳೆದಿತ್ತು. ಕುಡಿದ ನೀರು ಎಡ ತುಟಿಯಿಂದ ಸೋರಿ ಕತ್ತಿಗಿಳಿಯುತ್ತಿತ್ತು. ಅತ್ತೆ ಬಾಗಿಲಲ್ಲಿ ಏನು ಹೇಳಿದ್ದೆಂದು ಆಮೇಲೆ ಎಷ್ಟೋ ತಿಂಗಳಿಗೆ ತಿಳಿಯಿತು: "ಮುಖದ ಅರ್ಧ ಯಾಕೆ ಮುನಿಸ್ಕೊಂಡಿದೆ?"

ಗಂಡ ಕೂಗಿದ. ಅವನ ಕತ್ತಿನ ನರ ಉಬ್ಬಿದ್ದು ಅವಳಿಗೆ ಕಂಡಿತು. ಮದುವೆಯಾದ ದಿನದಿಂದ ಯಾವ ಗೋಡೆಯೂ ತಡೆಯಲಾಗದಿದ್ದ ಆ ದನಿ ಹಾಸಿಗೆಯ ಅಂಚಿಗೆ ಬಂದು ಬಿದ್ದುಹೋಯಿತು. ಅವಳು ತಲೆಯಾಡಿಸಿದಳು. ಅವನು ಮತ್ತೆ ಕೂಗಿದ. ಅವಳು ಮತ್ತೆ ತಲೆಯಾಡಿಸಿದಳು. ಆಗ ಅವನು ಬಾಯಿ ಮುಚ್ಚಿದ. ಆಮೇಲೆ ಎರಡು ಬೆರಳನ್ನು ತನ್ನ ಅಂಗೈ ಮೇಲೆ ಎರಡು ಸಲ ತಟ್ಟಿದ.

ಅದು ಮುದ್ರಣಾಲಯದ ಸನ್ನೆ. ಯಂತ್ರದ ಗದ್ದಲದಲ್ಲಿ ಮಾತು ಕೇಳಿಸದೆ ಅಲ್ಲಿಯವರು ತಮ್ಮಲ್ಲೇ ಮಾಡಿಕೊಂಡದ್ದು. ಅಂಗೈ ತಟ್ಟಿದರೆ "ನಿಲ್ಲು, ಇಲ್ಲೇ ಇದ್ದೀನಿ". ಮೂಗು ಮುಟ್ಟಿದರೆ "ಮಾಲೀಕ ಬರ್ತಿದ್ದಾನೆ". ಹೊಸದಾಗಿ ಮದುವೆಯಾದಾಗ ಅವನು ಅವಳನ್ನು ನಗಿಸಲು ಇದನ್ನೆಲ್ಲ ಆಡಿ ತೋರಿಸಿದ್ದ. ಈಗ ಅವಳು ನಗಲಿಲ್ಲ, ನಗಲು ಮುಖವೂ ಒಪ್ಪುತ್ತಿರಲಿಲ್ಲ. ಆದರೆ ತನ್ನ ಎರಡು ಬೆರಳೆತ್ತಿ ಅವನ ಅಂಗೈ ಮೇಲೆ ತಟ್ಟಿದಳು. ಸ್ವಲ್ಪ ಹೊತ್ತಿಗೆ ಬಾಗಿಲತ್ತ ನೋಡಿ ಅವನು ಮೂಗು ಮುಟ್ಟಿಕೊಂಡ. ಡಾಕ್ಟರಮ್ಮ ಬರುತ್ತಿದ್ದರು, ಜೊತೆಗೆ ಇನ್ನೊಬ್ಬ ಹಿರಿಯ ಡಾಕ್ಟರು.

ಇಬ್ಬರೂ ಹಾಸಿಗೆಯ ಕಾಲ ಬಳಿ ನಿಂತು ವಾದ ಮಾಡಿದರು. ಅವಳಿಗೆ ಅದು ಮೂಕಿ ನಾಟಕ. ಹಿರಿಯರು ಎದೆಯ ಎಕ್ಸ್‌ರೇ ಎತ್ತಿ ಹಿಡಿದು ಬೆರಳಿಂದ ಮಚ್ಚೆಗಳನ್ನು ಕುಟ್ಟಿದರು. ಡಾಕ್ಟರಮ್ಮ ತಲೆಯಲ್ಲಾಡಿಸಿ ಅವಳ ಮುಖವನ್ನು, ಕಿವಿಯನ್ನು ತೋರಿಸಿದರು. ಗಂಡ ಅವರ ನಡುವೆ ಚೆಂಡಾಟ ನೋಡುವವನಂತೆ ಕತ್ತು ತಿರುಗಿಸುತ್ತಿದ್ದ. ಯಾರೂ ತನ್ನ ಕಡೆ ನೋಡುತ್ತಿಲ್ಲ ಎಂದು ಅವಳಿಗೆ ಸಿಟ್ಟು ಬಂತು.

"ಕಾರು ನನ್ನದು!" ಎಂದಳು. ತನ್ನ ದನಿ ಎಷ್ಟು ದೊಡ್ಡದಾಯಿತೋ ಗೊತ್ತಿಲ್ಲ, ಇಡೀ ವಾರ್ಡು ತಿರುಗಿತು. "ಎಲ್ಲಿಗೆ ಹೋಗಬೇಕು ಅಂತ ನನ್ನ ಕೇಳಿ."

ಡಾಕ್ಟರಮ್ಮ ಬಂದು ಹಾಸಿಗೆಯ ಮೇಲೇ ಕೂತರು. ಮಕ್ಕಳು ಬರೆದು ಅಳಿಸುವ ಬಿಳಿ ಹಲಗೆ ತರಿಸಿದರು. ದೊಡ್ಡ ಅಕ್ಷರದಲ್ಲಿ ಬರೆದರು: ಪರೀಕ್ಷೆಯ ಉತ್ತರ ಇನ್ನೂ ಬಂದಿಲ್ಲ. ಅಳಿಸಿದರು. ಈಗಲೇ ಸ್ಟೀರಾಯ್ಡ್ ಕೊಟ್ಟರೆ ಕಿವಿ, ಮೂತ್ರಪಿಂಡ ಉಳಿಯಬಹುದು. ಅಳಿಸಿದರು. ಆದರೆ ಎದೆಯಲ್ಲಿರುವುದು ಸೋಂಕಾಗಿದ್ದರೆ ಆ ಮದ್ದಿನಿಂದ ಅದು ಕಾಡ್ಗಿಚ್ಚಾಗುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳು ಹಲಗೆಯನ್ನು ನೋಡುತ್ತ ಕೂತಳು. ಕ್ಷಯದ ಪರೀಕ್ಷೆ ಆಯಿತೇ ಎಂದು ಕೇಳಿದಳು. ಕಫದಲ್ಲಿ ಸಿಕ್ಕಿಲ್ಲ, ಆದರೂ ನೂರಕ್ಕೆ ನೂರು ಹೇಳಲಾಗದು ಎಂದು ಬರೆದರು.

"ನಿಮ್ಮ ಸ್ವಂತ ಅಕ್ಕ ಹೀಗೆ ಮಲಗಿದ್ರೆ ಏನು ಮಾಡ್ತಿದ್ರಿ?"

ಡಾಕ್ಟರಮ್ಮ ಹಿರಿಯರ ಕಡೆ ನೋಡಲಿಲ್ಲ. ಹಲಗೆಯ ಮೇಲೆ ಒಂದೇ ಪದ ಬರೆದರು: ಇವತ್ತೇ.

"ಹಾಗಾದ್ರೆ ಇವತ್ತೇ" ಎಂದಳು ಬ್ರೇಕಕ್ಕ.

ಮಧ್ಯಾಹ್ನಕ್ಕೆ ಮೊದಲ ಬಾಟಲಿ ತೂಗುಹಾಕಿದರು. ಹನಿ ಹನಿಯಾಗಿ ಇಳಿಯುವುದನ್ನು ಅವಳು ಕಣ್ಣು ಕೀಳದೆ ನೋಡಿದಳು. ಎಡಗಣ್ಣಿಗೆ ಮುಚ್ಚಲು ಬಾರದ್ದರಿಂದ ಅದಕ್ಕೆ ಮುಲಾಮು ಹಚ್ಚಿ ಪಟ್ಟಿ ಕಟ್ಟಿದ್ದರು. ಪ್ರತಿ ಸಲ ಥರ್ಮಾಮೀಟರ್ ಇಟ್ಟಾಗಲೂ ಗಂಡ ನರ್ಸಮ್ಮನ ಮುಖ ಓದುತ್ತಿದ್ದ, ಅವಳು ಗಂಡನ ಮುಖ ಓದುತ್ತಿದ್ದಳು. ಜ್ವರ ಏರಿದರೆ ಡಾಕ್ಟರಮ್ಮನ ಲೆಕ್ಕ ತಪ್ಪಿತು ಎಂದರ್ಥ. ಒಂದು ಬೆಳಿಗ್ಗೆ ಕೆಮ್ಮಿದಾಗ ಕೈಗೆ ರಕ್ತ ಬಂತು. ಗಂಡ ನರ್ಸಮ್ಮನನ್ನು ಕರೆಯಲು ಓಡಿದ. ಅತ್ತೆ ಮಾತ್ರ ಸೆರಗಿನಿಂದ ಸೊಸೆಯ ಕೈ ಒರೆಸಿ, ಆ ಸೆರಗನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು, ಏನೂ ಆಗಿಲ್ಲ ಎನ್ನುವಂತೆ ದಿಂಬು ಸರಿಮಾಡಿದಳು.

ಉತ್ತರ ಬಂದದ್ದು ಅದರ ಮರುದಿನ. ಡಾಕ್ಟರಮ್ಮ ಕಾಗದ ಬೀಸುತ್ತ ಬರುವ ರೀತಿಯಲ್ಲೇ ತಿಳಿಯಿತು. ಸೋಂಕಲ್ಲ, ಅವರು ಅನುಮಾನ ಪಟ್ಟ ರಕ್ತನಾಳದ ಉರಿಯೂತವೇ. ಹಿಂದೆ ಬಂದ ಹಿರಿಯ ಡಾಕ್ಟರು ತಾವೇ ಹಲಗೆ ತೆಗೆದುಕೊಂಡು ಬರೆದರು: ಕಾದಿದ್ದರೆ ತಡವಾಗುತ್ತಿತ್ತು. ಸ್ಟೀರಾಯ್ಡಿನ ಜೊತೆಗೆ ಇನ್ನೂ ಬಲವಾದ ಇನ್ನೊಂದು ಮದ್ದು ಶುರುವಾಯಿತು.

ಬಲಗಿವಿಗೆ ಸದ್ದು ಮರಳಿದ್ದು ಸುಂದರವಾಗಿಯೇನಲ್ಲ. ಪಕ್ಕದ ಹಾಸಿಗೆಯವಳ ಊಟದ ತಟ್ಟೆ ಬಿದ್ದಾಗ ಯಾರೋ ತಲೆಯೊಳಗೆ ತಗಡು ಹರಿದಂತಾಯಿತು. ಅವಳು ಬೆಚ್ಚಿ ಎದ್ದು ಕೂತಳು. ಗಂಡನ ಮಾತು ಬಾತುಕೋಳಿಯದಾಗಿತ್ತು, ನರ್ಸಮ್ಮನದೂ ಬಾತುಕೋಳಿಯದೇ. ಯಾರು ಏನು ಹೇಳಿದರೂ ಗ್ವಾಕ್ ಗ್ವಾಕ್. ಅವಳು ಅಳತೊಡಗಿದಳು. ಗಂಡ ನೋವೇ ಎಂದು ಸನ್ನೆಯಲ್ಲಿ ಕೇಳಿದ. "ಅಲ್ಲ ಕಣ್ರೀ, ಕೇಳಿಸ್ತಿದೆ. ಎಷ್ಟು ಕೆಟ್ಟದಾಗಿ ಮಾತಾಡ್ತೀರಿ!"

ಮನೆಗೆ ಬಂದ ಮೇಲೆ ಹಾದಿ ಉದ್ದವಿತ್ತು. ಮದ್ದಿನಿಂದ ಮುಖ ಊದಿ ದುಂಡಗಾಯಿತು. "ಈಗ ನೋಡು, ಮುಖದಲ್ಲಿ ಕಳೆ ಬಂತು" ಎಂದು ಅತ್ತೆ ಹೇಳಿದಳು, ಈಗ ಎದುರಿಗೆ ಬಂದು, ದನಿಯೆತ್ತಿ. ದನಿಯೆತ್ತಿ ಗೊಣಗುವುದು ಮುದುಕಿಗೆ ಅಭ್ಯಾಸವಿಲ್ಲ. ಅದರಲ್ಲಿ ಮಜಾ ಇಲ್ಲವೆಂದು ಮಗನ ಹತ್ತಿರ ದೂರಿದಳು. ತಿಂಗಳುಗಳಲ್ಲಿ ಬಾಯಿ ನೆಟ್ಟಗಾಯಿತು. ಎಡಗಣ್ಣು ಮಾತ್ರ ಬಲಗಣ್ಣಿಗಿಂತ ಒಂದು ಗಳಿಗೆ ತಡವಾಗಿ ಮುಚ್ಚುತ್ತಿತ್ತು. ಮೂತ್ರಪಿಂಡ ಬಹುಪಾಲು ಉಳಿಯಿತು. ಬಲಗಿವಿ ಅರ್ಧದಷ್ಟು ಮರಳಿತು, ಉಳಿದದ್ದಕ್ಕೆ ಕಿವಿಗೆ ಹಾಕುವ ಯಂತ್ರ ಬಂತು. ಎಡಗಿವಿ ಹೋದದ್ದು ಹೋಯಿತು. ಡಾಕ್ಟರಮ್ಮ ಅದನ್ನು ಸುತ್ತಿ ಬಳಸದೆ ಹೇಳಿದರು, ಅವಳೂ ಸುತ್ತಿ ಬಳಸದೆ ಕೇಳಿಸಿಕೊಂಡಳು. ಮನೆಗೆ ಬಂದು ಬಾಗಿಲು ಹಾಕಿಕೊಂಡು, ಆ ಕಿವಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಅತ್ತಳು. ಮತ್ತೆ ಅದಕ್ಕಾಗಿ ಅಳಲಿಲ್ಲ.

ಶಾಲೆಯ ಮಾಲೀಕ ಸಜ್ಜನ. ಕಚೇರಿಯ ಮೇಜು ನೋಡಿಕೊಳ್ಳಲು ಕರೆದ. ಹೋಗಿ ಕೂತಳು. ಹೊಸಬರು ಬಂದು, ತಲೆ ತಗ್ಗಿಸಿ, ಸಮಯ ಕೇಳುತ್ತಿದ್ದರು. ಅವಳು "ಏನಂದ್ರಿ" ಎನ್ನುತ್ತಿದ್ದಳು. ಹಿಂದಿನ ಗೋಡೆಯಲ್ಲಿ ಕಾರಿನ ಬೀಗದ ಕೈಗಳು ಸಾಲಾಗಿ ನೇತಾಡುತ್ತಿದ್ದವು. ಒಂದು ವಾರ ತಡೆದಳು.

"ಇದು ನನಗೆ ಆಗಲ್ಲ" ಎಂದಳು ಮಾಲೀಕನಿಗೆ. "ರಸ್ತೆಗೆ ಇಳಿಯಲ್ಲ. ಯಂತ್ರ ಹಾಕ್ಕೊಂಡ್ರೆ ಪರವಾಗಿಲ್ಲ ಅಂತ ಡಾಕ್ಟರ್ ಹೇಳಿದ್ರೂ ಇಳಿಯಲ್ಲ. ಆ ಆಂಬುಲೆನ್ಸು ಇನ್ನೂ ನನ್ನ ಕಣ್ಣೆದುರಿಗೇ ಹೋಗ್ತಿದೆ. ಆದ್ರೆ ಹಿಂದಿನ ಅಂಗಳ ಕೊಡಿ."

ಶಾಲೆಯ ಹಿಂದೆ ಗೋಡೆ ಕಟ್ಟಿದ ದೊಡ್ಡ ಅಂಗಳವಿತ್ತು. ಹಿಂದಕ್ಕೆ ಬಿಡುವುದು, ಇಳಿಜಾರಿನಲ್ಲಿ ನಿಲ್ಲಿಸಿ ಎತ್ತುವುದು, ಕಂಬಗಳ ನಡುವೆ ತೂರಿಸುವುದು, ಎಲ್ಲ ಅಲ್ಲೇ. ಹಾರ್ನಿಲ್ಲ, ಸೈರನ್ನಿಲ್ಲ. ಉಸಿರು ಕೇಳಿಸದಿದ್ದರೇನು, ಉಸಿರು ಬಿಗಿಹಿಡಿದವರ ಹೆಗಲು ಮೇಲೇರುತ್ತದೆ, ಬೆರಳ ಗೆಣ್ಣು ಬೆಳ್ಳಗಾಗುತ್ತದೆ. ಅದನ್ನು ನೋಡಲು ಕಲಿತಳು. ಎಂಜಿನ್ನು ಬಸವಳಿದದ್ದನ್ನು ಸೀಟಿನ ನಡುಕದಿಂದ ತಿಳಿದಳು. ಕಲಿಯುವುದಕ್ಕೆ ಕಾಲ ಹಿಡಿಯಿತು. ಮೊದಮೊದಲು ಕಂಬಗಳು ಬಿದ್ದವು, ಬಂಪರು ನಜ್ಜುಗುಜ್ಜಾಯಿತು, ಅವಳಿಗೆ ಮಾಲೀಕನ ಮುಖ ನೋಡಲು ನಾಚಿಕೆಯಾಗುತ್ತಿತ್ತು. ಅವನು ಒಂದು ದಿನವೂ ಚಕಾರವೆತ್ತಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ಮಾತಿನದು. ಅವಳಿಗೆ ತುಟಿ ಕಾಣಬೇಕು, ಕಲಿಯುವವರು ಮುಂದೆ ನೋಡಬೇಕು. ಮೊದಲ ವಾರ ಒಬ್ಬ ದರ್ಜಿ ಪ್ರಶ್ನೆ ಕೇಳಿದಾಗಲೆಲ್ಲ ಪೂರ್ತಿ ಅವಳ ಕಡೆ ತಿರುಗಿ, ವಿನಯದಿಂದ ಮಾತಾಡುತ್ತ, ಕಾರನ್ನು ನೇರ ಗೋಡೆಗೆ ಕೊಂಡೊಯ್ದ. ಆಮೇಲೆ ಅವಳು ಡ್ಯಾಶ್‌ಬೋರ್ಡಿಗೆ ಒಂದು ಪುಟ್ಟ ಕನ್ನಡಿ ಅಂಟಿಸಿದಳು, ಅವರ ಬಾಯಿ ತನಗೆ ಕಾಣುವ ಹಾಗೆ.

ಭಯ ಮಾತ್ರ ಹೋಗಲಿಲ್ಲ. ಈ ರೋಗ ಮಲಗುತ್ತದೆ, ಸಾಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಪ್ರತಿ ಬೆಳಿಗ್ಗೆ ಎದ್ದವಳೇ ಬಲಗಿವಿಯ ಪಕ್ಕದಲ್ಲಿ ಬೆರಳು ಉಜ್ಜಿ ನೋಡಿಕೊಳ್ಳುತ್ತಿದ್ದಳು, ಸರಸರ ಕೇಳಿಸಿದ ಮೇಲೇ ಉಸಿರು ಬಿಡುತ್ತಿದ್ದಳು. ಹೋದ ತಿಂಗಳು ಒಂದು ಮಧ್ಯಾಹ್ನ ಕಣ್ಣು ಕೆಂಪಗೆ ಉರಿಯತೊಡಗಿತು. ಅವಳು ಯಾರಿಗೂ ಹೇಳದೆ ಕಾರು ನಿಲ್ಲಿಸಿ ಆಸ್ಪತ್ರೆಗೆ ನಡೆದಳು. ಶಾಲೆಯ ಮಾಲೀಕ ಕಂಡು ಫೋನು ಮಾಡಿದ್ದರಿಂದ ಗಂಡ ಕೆಲಸದ ಬಟ್ಟೆಯಲ್ಲೇ, ಕೈಗೆ ಶಾಯಿ ಮೆತ್ತಿಕೊಂಡು, ಹಿಂದೆ ಓಡಿಬಂದ. ರಕ್ತ ಕೊಟ್ಟರು, ಮೂತ್ರ ಕೊಟ್ಟರು, ಬೆಂಚಿನ ಮೇಲೆ ಒಬ್ಬರ ಮುಖ ಒಬ್ಬರು ನೋಡದೆ ಕೂತರು. ಡಾಕ್ಟರಮ್ಮ ಕೊನೆಗೆ ಕರೆದು, ರೆಪ್ಪೆ ಮಗುಚಿ, ಹತ್ತಿಯ ತುದಿಯಲ್ಲಿ ಏನೋ ತೆಗೆದು ತೋರಿಸಿದರು. ಅಂಗಳದ ಮರಳಿನ ಕಣ. ಉಳಿದ ಉತ್ತರಗಳೂ ಚೆನ್ನಾಗಿಯೇ ಬಂದವು.

ಮನೆಗೆ ಬಂದಾಗ ಅತ್ತೆ ಹೊಸ್ತಿಲ ಮೇಲೆ ಕಾದಿದ್ದಳು. ವಿಷಯ ಕೇಳಿ, ನಗುತ್ತ ನಿಂತಿದ್ದ ಇಬ್ಬರ ಮುಖವನ್ನೂ ನೋಡಿದಳು.

"ಕಣ್ಣಿಗೆ ಮಣ್ಣು ಬಿದ್ದಿದ್ದಕ್ಕೆ ಇಷ್ಟು ಹಲ್ಲು ಕಿಸಿಯೋ ಮನೆ ಊರಲ್ಲಿ ಇದೊಂದೇ ಇರಬೇಕು" ಎಂದಳು. ಸೊಸೆ ಬಲಗಿವಿ ಮುಂದೆ ಮಾಡಿ "ಏನಂದ್ರಿ?" ಎಂದಳು. ಮುದುಕಿ ಮತ್ತೊಮ್ಮೆ ಹೇಳಿದಳು, ಗಟ್ಟಿಯಾಗಿ, ಬೀದಿಗೆಲ್ಲ ಕೇಳುವಂತೆ.